ಪ್ರಿಆಂಪ್ ಬೇಕೇ ಎಂದು ಕೇಳುವವರಿಗೆ

ಮನೆಯಲ್ಲಿ ಹಾಡು ಕೇಳುವ ವ್ಯವಸ್ಥೆಗೆ ಪ್ರತ್ಯೇಕ ಪ್ರಿಆಂಪ್ಲಿಫೈಯರ್ ಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಕೊಪ್ಪಳ ಸೀಮೆಯಲ್ಲಿ ಇದುವರೆಗೆ ಯುದ್ಧವಾಗಿಲ್ಲ. ಆದರೆ ಅದರ ಸಲುವಾಗಿ ಮಾತು ಬಿಟ್ಟ ಷಡ್ಡಕರನ್ನು ನಾನು ಬಲ್ಲೆ. ಅದನ್ನು ಮುಂದೆ ಹೇಳುತ್ತೇನೆ.

ಗಂಗಾವತಿಯ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಲೆಗೂದಲು ಕಪ್ಪಗಿದ್ದಾಗ ರಿಪೇರಿ ಅಂಗಡಿಯಲ್ಲಿ ಕೂತವನು, ಬೆಳ್ಳಗಾದ ಮೇಲೆ ಎದ್ದೆ. ಊರು ನನ್ನನ್ನು ರೇಡಿಯೋ ಬಸಣ್ಣ ಎಂದು ಕರೆಯಿತು. ರೇಡಿಯೋ ಹೋಗಿ ಟೇಪ್ ಬಂತು, ಟೇಪ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲ್ ಬಂತು. ಬಸಣ್ಣ ಮಾತ್ರ ರೇಡಿಯೋ ಆಗಿಯೇ ಉಳಿದ. ಈಗ ಅಂಗಡಿ ಮುಚ್ಚಿ ಮನೆಯ ಪಡಸಾಲೆಯಲ್ಲಿ ಒಂದು ಮೇಜು ಇಟ್ಟುಕೊಂಡಿದ್ದೇನೆ. ಐಟಿಐ ಮುಗಿಸಿದ ಹುಡುಗರು ಆಗೀಗ ಬಂದು, “ಕಾಕಾ, ಪ್ರಿಆಂಪ್ ಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳಿಬಿಡ್ರಿ” ಎನ್ನುತ್ತಾರೆ. ಒಂದೇ ಮಾತಿನಲ್ಲಿ ಹೇಳಲು ಬರುವಂತಿದ್ದರೆ ನಾನು ಇಷ್ಟು ಕಾಲ ಅಂಗಡಿ ನಡೆಸುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಹಲವು ಮಾತುಗಳಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಏನೆಂದು ತಿಳಿಯಲಿ. ಸ್ಪೀಕರನ್ನು ಅಲುಗಿಸುವ ಬಲ ಕೊಡುವುದು ಪವರ್ ಆಂಪ್ಲಿಫೈಯರ್. ಅದಕ್ಕೆ ತೋಳ್ಬಲವಿದೆ, ವಿವೇಕವಿಲ್ಲ. ಬಂದದ್ದನ್ನು ದೊಡ್ಡದು ಮಾಡಿ ಮುಂದಕ್ಕೆ ತಳ್ಳುತ್ತದೆ. ಅದರ ಮುಂದೆ ಕೂತು, ಯಾವ ದನಿ ಒಳಗೆ ಬರಬೇಕು, ಎಷ್ಟು ಬರಬೇಕು, ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ತೀರ್ಮಾನ ಕೊಡುವುದು ಪ್ರಿಆಂಪ್. ನಮ್ಮ ಕಾಲುವೆ ಸೀಮೆಯವರಿಗೆ ಹೀಗೆ ಹೇಳಿದರೆ ತಿಳಿಯುತ್ತದೆ: ಪವರ್ ಆಂಪ್ ಎಂದರೆ ಡ್ಯಾಮಿನ ನೀರು, ಪ್ರಿಆಂಪ್ ಎಂದರೆ ಗದ್ದೆಗೆ ನೀರು ಬಿಡುವ ತೂಬು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಮಾರುವುದುಂಟು. ಜಗಳವೆಲ್ಲ ಇರುವುದು ತೂಬಿಗೆ ಬೇರೆಯೇ ಒಂದು ಪೆಟ್ಟಿಗೆ ಬೇಕೇ ಎಂಬುದರ ಮೇಲೆ.

ನನಗೆ ಈ ಕಸುಬು ಕಲಿಸಿದವರು ಮಹಬೂಬಸಾಬ ಉಸ್ತಾದರು. ದಪ್ಪ ಕನ್ನಡಕ, ಬಾಯಲ್ಲಿ ಎಲೆ, ಮಾತು ಕಡಿಮೆ. ಅವರ ಕೈಕೆಳಗೆ ಇದ್ದಷ್ಟು ಕಾಲ ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ. ಬೈಯದೆ ಇದ್ದ ದಿನವನ್ನೇ ಹೊಗಳಿಕೆ ಎಂದು ಹಿಡಿದುಕೊಂಡೆ. ಅವರದು ಎರಡು ಕಟ್ಟಳೆ. ಮೊದಲನೆಯದು: “ಗಿರಾಕಿ ತನ್ನ ಮನಿಯಾಗ ಎಲ್ಲಿ ಕುಂದರ್ತಾನೋ ಅಲ್ಲಿ ಮೊದಲ ನೀ ಹೋಗಿ ಕುಂದ್ರು. ಡಬ್ಬಿ ಆಮ್ಯಾಲ ಬಿಚ್ಚು. ಡಬ್ಬಿ ಎಲ್ಲೂ ಓಡಿಹೋಗಂಗಿಲ್ಲ.” ಎರಡನೆಯದು: ರಿಪೇರಿಯಾದ ಯಾವ ಪೆಟ್ಟಿಗೆಯನ್ನೂ ಹಿಂದಕ್ಕೆ ಕೊಡುವಾಗ ಬಾಸ್, ಟ್ರೆಬಲ್, ಬ್ಯಾಲೆನ್ಸ್ ಈ ಮೂರೂ ನಾಬ್‌ಗಳು ನಟ್ಟನಡುವಿನ ಗೆರೆಗೆ ನಿಂತಿರಬೇಕು. “ಅದು ನಮ್ಮ ಅದಬು” ಎನ್ನುತ್ತಿದ್ದರು, ಮರ್ಯಾದೆ ಎಂಬ ಅರ್ಥದಲ್ಲಿ. ನೆಂಟರ ಮನೆಗೆ ಹೋಗುವ ಮಗುವಿಗೆ ತಲೆ ಬಾಚಿ ಕಳಿಸಿದಂತೆ ಅದು.

ಎರಡನೆಯ ಕಟ್ಟಳೆಯನ್ನು ನಾನು ಎಂದೂ ಮುರಿಯಲಿಲ್ಲ. ಮೊದಲನೆಯದನ್ನು ಮುರಿದು ಯಲಬುರ್ಗಾದಲ್ಲಿ ಮರ್ಯಾದೆ ಕಳೆದುಕೊಂಡೆ. ಒಬ್ಬರ ಮನೆಯಲ್ಲಿ ದನಿ ಮಂಕಾಗಿದೆ ಎಂದು ಕರೆಸಿದ್ದರು. ಹೋದವನೇ ಆಂಪ್ಲಿಫೈಯರ್ ಬಿಚ್ಚಿ, ಒಂದೊಂದೇ ಭಾಗ ಪರೀಕ್ಷಿಸಿ, ಮಧ್ಯಾಹ್ನವೆಲ್ಲ ಬೆವರು ಹರಿಸಿದೆ. ಎಲ್ಲವೂ ಸರಿಯಾಗಿತ್ತು. ಕಡೆಗೆ ಮನೆಯ ಮುದುಕಿ ಚಹಾ ತಂದಿಟ್ಟು, “ತಮ್ಮಾ, ಆ ಜ್ವಾಳದ ಚೀಲಾ ಸರಸಿದ್ರ ನಿನಗೇನರ ಅನುಕೂಲ ಆಗ್ತೈತೇನು?” ಎಂದಳು. ಹೊಸ ಜೋಳದ ಚೀಲಗಳನ್ನು ಸ್ಪೀಕರಿನ ಮುಂದೆ ಒಟ್ಟಿದ್ದರು. ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದರೆ ಕಣ್ಣಿಗೆ ಕಾಣುತ್ತಿದ್ದದ್ದು ಚೀಲವೇ. ಉಸ್ತಾದರಿಗೆ ಹೇಳಿದೆ. ಅವರು ನಗಲಿಲ್ಲ. “ಜ್ವಾಳ ಛಲೋ ಇತ್ತೇನು?” ಎಂದಷ್ಟೇ ಕೇಳಿದರು.

ಗ್ರಾಮಾಫೋನ್ ತಟ್ಟೆಯ ಕಾಲದಲ್ಲಿ ಪ್ರಿಆಂಪ್ ಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ. ಮುಳ್ಳಿನಿಂದ ಬರುವ ದನಿ ಸೊಳ್ಳೆಯ ಪಿಸುಮಾತಿನಷ್ಟು. ಅದನ್ನು ಎತ್ತಿ, ಹದ ಮಾಡಿ ಮುಂದಕ್ಕೆ ಕೊಡುವ ಪೆಟ್ಟಿಗೆ ಇಲ್ಲದಿದ್ದರೆ ಕೇಳುವುದು ತಟ್ಟೆ ತಿರುಗುವ ಸದ್ದು ಮಾತ್ರ. ಸಿಡಿ ಬಂದಾಗ ಲೆಕ್ಕ ಬದಲಾಯಿತು. ಅದರ ದನಿ ಮೊದಲೇ ಗಟ್ಟಿ. ನಡುವೆ ಪೆಟ್ಟಿಗೆ ಯಾಕೆ, ನೇರ ಜೋಡಿಸಿದರೆ ಇನ್ನೂ ಶುದ್ಧ ಎಂದು ತಿಳಿದವರು ಹೇಳತೊಡಗಿದರು. ಹೇಳಿದ್ದು ಸುಳ್ಳಲ್ಲ. ಕುಷ್ಟಗಿಯ ಕಿರಾಣಿ ಅಂಗಡಿಯವರೊಬ್ಬರು ಇದನ್ನು ನಂಬಿ ಸಿಡಿ ಪ್ಲೇಯರನ್ನು ನೇರವಾಗಿ ಪವರ್ ಆಂಪಿಗೆ ಸಿಕ್ಕಿಸಿದರು. ಶುದ್ಧತೆಗೆ ಕೊರತೆಯಿರಲಿಲ್ಲ. ದನಿ ತಗ್ಗಿಸುವ ನಾಬ್ ಮಾತ್ರ ಎಲ್ಲೂ ಇರಲಿಲ್ಲ. ಭಕ್ತಿಗೀತೆಯ ಮೊದಲ ತಾಳಕ್ಕೆ ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಫೋನ್ ಮಾಡಿ, “ಬಸಣ್ಣಾ, ಎಮ್ಮಿ ಸಿಕ್ಕೈತಿ, ಇನ್ನ ನೀವು ಬರ್ರಿ” ಎಂದರು. ಹೋಗಿ ಒಂದು ನಾಬ್ ಇರುವ ಸಣ್ಣ ಡಬ್ಬಿ ಕೂರಿಸಿ ಬಂದೆ.

ಇನ್ನು ಷಡ್ಡಕರ ವಿಷಯ. ಅಳವಂಡಿಯ ಗೌಡರೊಬ್ಬರ ಮನೆಯಲ್ಲಿ ಒಂದೇ ಪೆಟ್ಟಿಗೆಯ ಆಂಪ್ಲಿಫೈಯರ್ ಇತ್ತು, ಛಲೋ ಹಾಡುತ್ತಿತ್ತು. ಅವರ ಷಡ್ಡಕರ ಮನೆಯಲ್ಲಿ ಎರಡು ಪೆಟ್ಟಿಗೆ ಇದ್ದವು. ಗೌಡರು ಬಂದು ತಮಗೂ ಒಂದು ಪ್ರಿಆಂಪ್ ಬೇಕೆಂದರು. ನಿಮ್ಮದರ ಒಳಗೇ ಅದು ಇದೆ, ಬೇರೆ ಬೇಡ ಎಂದು ನಾನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, “ನೀವು ಹೇಳೂದು ನನಗ ತಿಳೀತು ಬಸಣ್ಣ. ಇದನ್ನ ನನ್ನ ಷಡ್ಡಕಗ ಯಾರು ತಿಳಿಸಿ ಹೇಳ್ತಾರ?” ಎಂದರು. ಕಡೆಗೆ ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಮುಂದೆ ಹಸಿರು ದೀಪ, ಒಂದು ಸ್ವಿಚ್ಚು, ಒಂದು ನಾಬ್, ಒಳಗೆ ಬೇರೇನೂ ಇಲ್ಲ. ಇರುವುದಿಷ್ಟೇ ಎಂದು ಗೌಡರಿಗೆ ಹೇಳಿಯೇ ಕೊಟ್ಟೆ. ಷಡ್ಡಕರು ಬಂದು ನೋಡಿ, ಕೇಳಿ, ತಮ್ಮದಕ್ಕಿಂತ ಇದೇ ಛಲೋ ಎಂದರಂತೆ. ಗೌಡರು ಖುಷಿ ತಡೆಯಲಾರದೆ ಮುಚ್ಚಳ ಬಿಚ್ಚಿ ತೋರಿಸಿದರಂತೆ. ಅಂದಿನಿಂದ ಮಾತಿಲ್ಲ.

ಮೊಬೈಲ್ ಬಂದ ಮೇಲೆ ನಾನೂ ಬೇಡದವರ ಪಕ್ಷ ಸೇರಿದೆ. ಹಾಡುವ ಯಂತ್ರದಲ್ಲೇ ದನಿಯ ಏರಿಳಿತವಿದೆ, ಹಾಡು ಆರಿಸುವುದೂ ಅಲ್ಲೇ. ನಡುವೆ ಇನ್ನೊಂದು ಪೆಟ್ಟಿಗೆ ಇಟ್ಟರೆ ಒಂದಿಷ್ಟು ಗದ್ದಲ ಸೇರುತ್ತದೆಯೇ ಹೊರತು ಗುಣ ಸೇರುವುದಿಲ್ಲ. ಕೇಳಿದವರಿಗೆಲ್ಲ ಇದನ್ನೇ ಹೇಳಿದೆ, ಕೇಳದವರಿಗೂ ಹೇಳಿದೆ. ಹನುಮಂತಪ್ಪನ ಮನೆಗೆ ಹೋಗುವವರೆಗೆ ಈ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಹನುಮಂತಪ್ಪ ಸುಬ್ಬಾರಾವ್ ಸಾವಕಾರರ ಅಕ್ಕಿ ಗಿರಣಿಯಲ್ಲಿ ಆಪರೇಟರ್. ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲರ್‌ಗಳ ಪಕ್ಕ ನಿಂತು, ಚಕ್ರ ತಿರುಗಿಸಿ ಅವುಗಳ ಸಂದು ಹದಗೊಳಿಸುವುದು ಅವನ ಕೆಲಸ. ಸಂದು ಬಿಗಿಯಾದರೆ ಅಕ್ಕಿ ನುಚ್ಚಾಗುತ್ತದೆ, ಸಡಿಲವಾದರೆ ಭತ್ತ ಭತ್ತವಾಗಿಯೇ ಹೊರಬರುತ್ತದೆ. ಹನುಮಂತಪ್ಪ ಅದನ್ನು ಸದ್ದಿನಿಂದಲೇ ಹೇಳುತ್ತಿದ್ದ. ಬೇರೆ ಗಿರಣಿಯವರೂ ತಮ್ಮ ಯಂತ್ರ ಕೇಳಿಸಲು ಅವನನ್ನು ಕರೆದೊಯ್ಯುತ್ತಿದ್ದರು, ಹೆಣ್ಣು ತೋರಿಸಲು ಹಿರಿಯರನ್ನು ಕರೆದೊಯ್ದ ಹಾಗೆ. ದಿನವಿಡೀ ಆ ಗದ್ದಲದಲ್ಲಿ ನಿಂತವನು ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಕುರ್ಚಿಯಲ್ಲಿ ಕೂತು ತತ್ವಪದ ಕೇಳುತ್ತಿದ್ದ. ಅವನ ಪ್ರಿಆಂಪ್ ನಾನೇ ಹಿಂದೆ ಕೈಯಾರೆ ಮಾಡಿದ್ದು. ಆಗೀಗ ಧೂಳು ತೆಗೆಯಲು ಅಂಗಡಿಗೆ ತರುತ್ತಿದ್ದ. ತಂದಾಗಲೆಲ್ಲ ಬ್ಯಾಲೆನ್ಸ್ ನಾಬ್ ಎಡಕ್ಕೆ ವಾಲಿರುತ್ತಿತ್ತು. “ಹುಡುಗ್ರು ತಿರುವ್ಯಾರ ನೋಡು” ಎಂದು ನಾನು ನಡುವಿಗೆ ನಿಲ್ಲಿಸಿ ಕೊಡುತ್ತಿದ್ದೆ. ಅವನು “ಹೌದೇಳು” ಎಂದು ಒಯ್ಯುತ್ತಿದ್ದ.

ಅವನ ಮಗ ಮಂಜುನಾಥ ಕೊಪ್ಪಳದಲ್ಲಿ ಸರಕಾರಿ ನೌಕರ. ಅಪ್ಪನ ಮೇಲಿನ ಪ್ರೀತಿಗೆ ಹೊಸ ಪವರ್ ಆಂಪ್ಲಿಫೈಯರ್ ತಂದ, ಮೊಬೈಲಿನಿಂದ ಹಾಡು ಹಿಡಿಯುವ ಅಂಗೈಯಗಲದ ಯಂತ್ರವೊಂದನ್ನು ತಂದ, ಎರಡನ್ನೂ ನೇರ ಜೋಡಿಸಿ ನನ್ನ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಕಪಾಟಿನ ಮೇಲಿಟ್ಟ. ಆಮೇಲೆ ನನಗೆ ಫೋನ್ ಮಾಡಿದ. “ಕಾಕಾ, ಅಪ್ಪ ಹೊಸಾ ಸೆಟ್ಟಿನ ಮುಂದ ಕುಂದ್ರವಲ್ಲ. ಹಳೇ ಡಬ್ಬಿ ಬೇಕಂತಾನ, ಯಾಕಂದ್ರ ಹೇಳಂಗಿಲ್ಲ. ನೀವರ ಬಂದು ಬ್ಯಾಡಂತ ತಿಳಿಸಿ ಹೇಳ್ರಿ.”

ಬೇಡವೆಂದು ತಿಳಿಸಿ ಹೇಳುವುದರಲ್ಲಿ ಆಗ ನನ್ನನ್ನು ಮೀರಿಸುವವರಿರಲಿಲ್ಲ. ಭಾನುವಾರ ಬೆಳಿಗ್ಗೆ ಹೋದೆ.

ಹೋಗಿ ನೋಡಿದರೆ ಸಾವಕಾರರೂ ಬಂದು ಕೂತಿದ್ದರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ತೆಲುಗು ಮನೆತನ, ಮಾತು ಗಂಗಾವತಿಯ ಕನ್ನಡ, ದನಿ ಗಿರಣಿಯದು. ಪಕ್ಕದ ಮನೆಯವರಿಗೂ ಕೇಳುವಂತೆ ನನ್ನ ಆರೋಗ್ಯ ವಿಚಾರಿಸಿದರು. ಅವರು ಬಂದ ಕೆಲಸ ಬೇರೆ. ಗಿರಣಿಗೆ ಹೊಸ ಯಂತ್ರ ಬರುವುದಿತ್ತು. ಹನುಮಂತಪ್ಪನಿಗೆ ಮನೆಯಲ್ಲಿ ಕೂರುವ ವಯಸ್ಸಾಗಿದ್ದರೂ ಅವನನ್ನೇ ಮುಂದುವರಿಸಬೇಕೆಂದು ಕೇಳಲು ಬಂದಿದ್ದರು.

“ಮಷೀನು ಹೊಸಾದು ಬರ್ಲಿ ಬಸಣ್ಣ. ಕಿವಿ ಮಾತ್ರ ಹಳೇದ ಬೇಕು. ಇವನ ಕಿವಿಯಂಥಾ ಕಿವಿ ಈ ತಾಲೂಕಿನ್ಯಾಗ ಇಲ್ಲ” ಎಂದರು. ಹನುಮಂತಪ್ಪ ನೆಲ ನೋಡುತ್ತ ಕೂತಿದ್ದ. ಹೊಗಳಿಸಿಕೊಳ್ಳುವವರು ನೆಲ ನೋಡುವುದು ವಾಡಿಕೆಯಾದ್ದರಿಂದ ನನಗೇನೂ ಅನ್ನಿಸಲಿಲ್ಲ.

ಉಸ್ತಾದರ ಕಟ್ಟಳೆಯಂತೆ ಮೊದಲು ಹನುಮಂತಪ್ಪನ ಕುರ್ಚಿಯಲ್ಲಿ ನಾನು ಕೂತೆ. ಮಂಜುನಾಥ ಹಾಡು ಹಚ್ಚಿದ. ನೇರ ಜೋಡಣೆ, ದನಿ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹಾಡುವವನು ಎರಡು ಸ್ಪೀಕರುಗಳ ನಟ್ಟನಡುವೆ ನಿಂತಂತೆ ಕೇಳಿಸಿತು. ಆಮೇಲೆ ಹಳೆಯ ಪೆಟ್ಟಿಗೆಯನ್ನು ನಡುವೆ ಸೇರಿಸಿದ. ಹಾಡುವವನು ಎದ್ದು ಎಡಗಡೆ ಬಾಗಿಲ ಹತ್ತಿರ ಹೋಗಿ ನಿಂತ.

“ನೋಡ್ರಿ ಕಾಕಾ, ಎಲ್ಲಾ ಒಂದ ಕಡಿಗೆ ವಾಲತೈತಿ. ಡಬ್ಬಿ ಕೆಟ್ಟೈತಿ” ಎಂದ ಮಂಜುನಾಥ.

“ನನಗ ಎರಡೂ ಒಂದ ಕೇಳ್ತಾವಪ್ಪ” ಎಂದರು ಸಾವಕಾರರು.

ನಾನು ಎದ್ದು ಪೆಟ್ಟಿಗೆ ನೋಡಿದೆ. ಕೆಟ್ಟಿರಲಿಲ್ಲ. ಬ್ಯಾಲೆನ್ಸ್ ನಾಬ್ ಎಡಕ್ಕಿತ್ತು. ಅದರ ಸುತ್ತಲಿನ ಬಣ್ಣ ಬೆರಳು ತಾಗಿ ತಾಗಿ ಸವೆದಿತ್ತು. ಸವೆದದ್ದು ನಡುವಿನ ಗೆರೆಯಿಂದ ಎಡಕ್ಕೆ ಮಾತ್ರ. ಹುಡುಗರು ತಿರುವಿದ್ದಾದರೆ ಎರಡೂ ಕಡೆ ಸವೆಯಬೇಕಿತ್ತು. ರೋಲರ್ ಪಕ್ಕ ನಿಂತವನಿಗೆ ಯಂತ್ರ ಯಾವ ಕಡೆ ಬರುತ್ತದೆಂದು ನೆನೆಸಿಕೊಂಡೆ. ಬಲಗೈ ಚಕ್ರ ತಿರುಗಿಸಲು ಖಾಲಿ ಬೇಕು. ಎಡಕಿವಿ ಯಂತ್ರಕ್ಕೆ. ಆಯುಷ್ಯವೆಲ್ಲ.

ಆ ಕಿವಿ ಮಂದವಾಗಿ, ಎಡಗಡೆಯ ದನಿಯನ್ನು ಹೆಚ್ಚು ಮಾಡಿಕೊಂಡರೆ ಮಾತ್ರ ಅವನಿಗೆ ಹಾಡುವವನು ನಡುವೆ ಬಂದು ನಿಲ್ಲುತ್ತಿದ್ದ. ನಾನು ಪ್ರತಿ ಸಲ ಅದಬಿನಿಂದ ನಡುವಿಗೆ ತಂದಿಟ್ಟದ್ದನ್ನು ಅವನು ಮನೆಗೆ ಒಯ್ದು, ಯಾರಿಗೂ ಹೇಳದೆ, ತನ್ನ ನಡುವಿಗೆ ತಂದುಕೊಳ್ಳುತ್ತಿದ್ದ. ಈಗ ತಾಲೂಕಿಗೇ ಹೆಸರಾದ ಆ ಕಿವಿಯ ಮೇಲೆ ಅವನ ಕೆಲಸ ನಿಂತಿತ್ತು. ಕೆಲಸ ಕೊಡುವವರು ಎದುರಿಗೇ ಚಹಾ ಕುಡಿಯುತ್ತಿದ್ದರು.

ಮಂಜುನಾಥನಿಗೆ ಉತ್ಸಾಹ ಬಂತು. “ಕಾಕಾ, ಒಂದು ಪರೀಕ್ಷಾ ಮಾಡೂಣು. ಅಪ್ಪಾ, ಇಲ್ಲಿ ಕುಂದ್ರು. ಡಬ್ಬಿ ಬಿಟ್ಟು ಹಚ್ತೀನಿ. ಹಾಡಾವ ಎಲ್ಲಿ ನಿಂತಾನ, ಬೆರಳ ಮಾಡಿ ತೋರ್ಸು.”

ಹನುಮಂತಪ್ಪ ನನ್ನ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಂಗಮ್ಮನೂ ನನ್ನ ಮುಖ ನೋಡಿದಳು. ಅವನು ಬೆರಳು ಎತ್ತಿದರೆ ಅದು ಬಲಕ್ಕೇ ಹೋಗುತ್ತಿತ್ತು.

“ಪರೀಕ್ಷಾ ಏನೂ ಬ್ಯಾಡ” ಎಂದೆ. ಗಂಟಲು ಸರಿಮಾಡಿಕೊಂಡು, ಹೈಕೋರ್ಟಿನವರು ತೀರ್ಪು ಓದುವ ಗತ್ತಿನಲ್ಲಿ ಹೇಳಿದೆ. “ಡಬ್ಬಿ ಇರಬೇಕು. ಈ ಪಡಸಾಲಿ ನೋಡು. ಬಲಕ್ಕ ಗ್ವಾಡಿ, ಎಡಕ್ಕ ದೊಡ್ಡ ಬಾಗಿಲಾ. ಗ್ವಾಡಿ ದನಿ ತಿರುಗಿ ಕೊಡ್ತೈತಿ, ಬಾಗಿಲಾ ಓಣಿಗೆ ಬಿಟ್ಟುಕೊಡ್ತೈತಿ. ಎಡಕ್ಕ ಒಂದೀಟು ಹೆಚ್ಚು ಕೊಡಾಕ ನಾಬ್ ಬೇಕು. ನಿನ್ನ ಹೊಸಾದ್ರಾಗ ಐತೇನು?”

ಇದು ಸುಳ್ಳಲ್ಲ. ಒಂದು ಕಡೆ ಬಯಲಾದ ಕೋಣೆಗೆ ಬ್ಯಾಲೆನ್ಸ್ ಬೇಕಾಗುವುದು ನಿಜ. ಆದರೆ ಆ ಬಾಗಿಲಿಗೆ ಬೇಕಾದದ್ದಕ್ಕಿಂತ ನಾಬ್ ಬಹಳ ಹೆಚ್ಚು ತಿರುಗಿತ್ತು ಎಂಬುದನ್ನು ನಾನು ಹೇಳಲಿಲ್ಲ.

ಮಂಜುನಾಥ ದಡ್ಡನಲ್ಲ. “ಹಂಗಾರ ಬಾಗಿಲಾ ಹಾಕಿದ್ರ ಆತಲ್ರಿ?” ಎಂದ.

ಇದಕ್ಕೆ ಉತ್ತರ ಗಂಗಮ್ಮ ಕೊಟ್ಟಳು. “ಬಾಗಿಲಾ ಹಾಕಿ ಈ ಸೆಕಿಯೊಳಗ ನಾ ಸಾಯ್ಲೇನೋ? ಬಸಣ್ಣಾರ ಹೇಳ್ಯಾರಲ್ಲ, ಹಚ್ಚು ಆ ಡಬ್ಬಿ.”

ಪೆಟ್ಟಿಗೆ ಹಚ್ಚಿದರು. ಹನುಮಂತಪ್ಪ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಸಾವಕಾರರು ಚಹಾದ ಬಟ್ಟಲು ಕೆಳಗಿಟ್ಟು, ಬ್ಯಾಲೆನ್ಸ್ ನಾಬನ್ನು ಸುಮ್ಮನೆ ನೋಡುತ್ತ ಕೂತರು.

ನನ್ನನ್ನು ಕಳಿಸಲು ಹನುಮಂತಪ್ಪ ಓಣಿಯ ತಿರುವಿನವರೆಗೆ ಬಂದ. ಅವನ ಎಡಗಡೆ ನಡೆಯುತ್ತ ಮೆಲ್ಲಗೆ ಕರೆದೆ. ತಿರುಗಲಿಲ್ಲ. ಬಲಗಡೆಗೆ ಬಂದು ಹೇಳಿದೆ: “ಬಾಗಿಲದ ಮಾತು ನಿನ್ನ ಮಗನ ಸಲುವಾಗಿ ಹೇಳಿದೆ. ಗಿರಣ್ಯಾಗ ಎಡಗಡೆಯಿಂದ ಯಾರರ ಕೂಗಿದ್ರ ಏನ್ ಮಾಡ್ತಿ? ಮಷೀನು ಓಡ್ಸೋ ಬೆಲ್ಟು ಆ ಕಡೆನ ಐತಲ್ಲ?”

“ರೋಲರ್ ಕೇಳಾಕ ಒಂದ ಕಿವಿ ಸಾಕು ಬಸಣ್ಣ. ಬಲಕಿವಿ ಇನ್ನೂ ಬಂಗಾರದಂಗ ಐತಿ.”

“ರೋಲರ್ ಕೇಳ್ತಿ. ಮನಶಾರು ಕೂಗಿದ್ರ?”

“ಸಾವಕಾರ್ಗ ಹೇಳಿದ್ರ ಮನಿಗೆ ಕಳಸ್ತಾರ. ಮನಿಯಾಗ ಕುಂತು ಏನ್ ಮಾಡ್ಲಿ, ದಿನಾ ಬಾಗಿಲಾ ನೋಡ್ಲೇನು?”

“ಹೇಳೂದು ಬಿಡೂದು ನಿನ್ನ ಕಡೆ. ನಾ ಅಂತೂ ಯಾರ ಮುಂದೂ ಹೇಳಂಗಿಲ್ಲ” ಎಂದು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಒಬ್ಬನ ಹಾಡನ್ನು ಉಳಿಸಿಕೊಟ್ಟು ಅವನನ್ನು ಬೆಲ್ಟಿನ ಬಾಯಿಗೆ ಕಳಿಸಿದೆನೇನೋ ಅನ್ನಿಸಿತು. ಹೇಳಿಬಿಟ್ಟಿದ್ದರೆ ಅವನ ಕೈಯಿಂದ ಚಕ್ರ ಕಿತ್ತುಕೊಂಡಂತಾಗುತ್ತಿತ್ತು. ಉಸ್ತಾದರ ಎರಡು ಕಟ್ಟಳೆಗಳಲ್ಲಿ ಯಾವುದೂ ಇಲ್ಲಿಗೆ ಹೊಂದಲಿಲ್ಲ.

ಸುಗ್ಗಿಯ ಭತ್ತ ಗಿರಣಿಗೆ ಬರಲು ಶುರುವಾದಾಗ ಒಂದು ಬೆಳಿಗ್ಗೆ ಸುಬ್ಬಾರಾವ್ ಸಾವಕಾರರ ಕಾರು ನಮ್ಮ ಮನೆಯ ಮುಂದೆ ನಿಂತಿತು. ಒಳಗೆ ಬಂದು ಕೂತು, ಎಂದಿನಂತೆ ಇಡೀ ಓಣಿಗೆ ಕೇಳುವ ಹಾಗೆ, “ಹನುಮಂತಪ್ಪ ಎಲ್ಲಾ ಹೇಳ್ದ” ಎಂದರು.

ನಾನು ನೀರಿನ ತಂಬಿಗೆ ಮುಂದಿಟ್ಟು ಕಾದೆ.

“ಹೊಸಾ ಮಷೀನಿನ ಎಡಗಡೆ ಬೆಲ್ಟಿಗೆ ಅಡ್ಡ ಕಬ್ಬಣದ ಜಾಳಗಿ ಹಾಕ್ಸೀನಿ. ಒಂದು ಕೆಂಪು ಬಲ್ಬು. ಕರಿಯೋರು ಕೂಗಂಗಿಲ್ಲ, ಸ್ವಿಚ್ ಒತ್ತಬೇಕು. ಅಂವಾ ಅಲ್ಲೇ ನಿಂತಾನ, ಎಲ್ಲಿ ಹೋಗ್ತಾನ?” ಎಂದು ನೀರು ಕುಡಿದರು. ಆಮೇಲೆ ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನನಗೂ ಒಂದು ಅಂಥಾ ಡಬ್ಬಿ ಮಾಡಿಕೊಡ್ರಿ.”

“ನಿಮ್ಮ ಸೆಟ್ಟಿಗೆ ಅದು ಬೇಕಾಗಂಗಿಲ್ರಿ ಸಾವಕಾರ್ರ” ಎಂದೆ. ಚಟ ಬೇಗ ಹೋಗುವುದಿಲ್ಲ.

ಅವರು ಬಲಕಿವಿಯ ಮೇಲೆ ಅಂಗೈ ಇಟ್ಟುಕೊಂಡರು. “ಅಪ್ಪನ ಗಿರಣಿ. ಆಗ ನಾ ಹುಡುಗ. ಹನುಮಂತಪ್ಪ ಆ ಕಡೆ, ನಾ ಈ ಕಡೆ, ಒಂದ ದಿಕ್ಕಿಗೆ ಮುಖಾ ಮಾಡಿ ನಿಂತು ಕೆಲಸ ಕಲ್ತಿವಿ. ಮಷೀನು ನಡುವ.”

ಈಗ ಕಣ್ಣು ಮಂಜಾಗಿದ್ದರೂ ಆ ಪೆಟ್ಟಿಗೆಯನ್ನು ನಾನೇ ಮಾಡಿದೆ. ಹಾಡು ಹಿಡಿಯುವ ಈಗಿನ ಯಂತ್ರಗಳ ಹೊಟ್ಟೆಯಲ್ಲೂ ಎಡ ಬಲ ಸರಿಮಾಡುವ ಉಪಾಯ ಎಲ್ಲೋ ಇರುತ್ತದೆಂದು ಮಂಜುನಾಥ ಆಮೇಲೆ ತೋರಿಸಿಕೊಟ್ಟ. ಇರಲಿ, ಒಳ್ಳೆಯದು. ಆದರೆ ಅದನ್ನು ತೆರೆಯಲು ಮಗನನ್ನು ಕರೆಯಬೇಕು, ಯಾಕೆಂದು ಅವನಿಗೆ ಹೇಳಬೇಕು. ನಾಬಿಗೆ ಕಾರಣ ಹೇಳಬೇಕಾಗಿಲ್ಲ. ಹುಡುಗರೇ, ಪ್ರಿಆಂಪ್ ಬೇಕೇ ಎಂದು ಯಾರಾದರೂ ಕೇಳಿದರೆ, ಆ ಯಂತ್ರಕ್ಕೆ ಬೇಡ ಎಂದು ಧಾರಾಳವಾಗಿ ಹೇಳಿ. ಕೂರುವವನಿಗೆ ಬೇಕೋ ಬೇಡವೋ ಎಂಬುದನ್ನು ಅವನ ಕುರ್ಚಿಯಲ್ಲಿ ಕೂತು, ಅವನ ಕೈ ಎಲ್ಲಿ ಸವೆಸಿದೆ ಎಂದು ನೋಡಿ ಹೇಳಿ.

ಪೆಟ್ಟಿಗೆ ಒಯ್ಯಲು ಸಾವಕಾರರು ತಾವೇ ಬಂದರು. ಒರೆಸಿ ಮೇಜಿನ ಮೇಲಿಟ್ಟು, ರೂಢಿಯಂತೆ ಮೂರೂ ನಾಬ್‌ಗಳನ್ನು ನಡುವಿನ ಗೆರೆಗೆ ನಿಲ್ಲಿಸಿದೆ. ಅವರು ಕೈಚಾಚಿ, ನನ್ನೆದುರಿಗೇ, ಬ್ಯಾಲೆನ್ಸನ್ನು ಬಲಕ್ಕೆ ತಿರುಗಿಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು ಹೋದರು.